ಗಾಳಿಮರದ ನೆರಳಿನಲ್ಲಿ ಎರಡು ರಾತ್ರಿ

ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ, ತಾರಸಿಯ ಹಲಗೆಗಳಿಗೆ ಆನಿಕೆಯಾಗಿ ಸಾಲುಸಾಲಾಗಿ ಸರ್ವೆ ಗಳಗಳನ್ನು ನಿಲ್ಲಿಸಿರುವುದನ್ನು ವಾಚಕರು ಕಂಡಿರಬಹುದು. ನಮಗೆ ಆ ಮರದ ಪರಿಚಯವಿದ್ದುದು ಅಷ್ಟೇ. ಅದು ಕಾಡಾಗಿ ಬೆಳೆದು ಕಡಲಂಚಿನಲ್ಲಿ ನಿಂತಿರುವುದನ್ನು ನೋಡಬೇಕೆಂದು ಒಂದು ಚಳಿಗಾಲದಲ್ಲಿ ನಾವು ನಾಲ್ವರು ರಾತ್ರಿಯ ರೈಲಿನಲ್ಲಿ ಕಾರವಾರಕ್ಕೆ ಹೊರಟೆವು. ಕರಾವಳಿಯಲ್ಲಿ ಸರ್ವೆಗೆ ಗಾಳಿಮರವೆಂದೇ ಹೆಸರು.

ಕಾಳಿ ನದಿಯು ಕಡಲನ್ನು ಕೂಡುವೆಡೆ, ಅದರ ಉತ್ತರದ ದಡದಲ್ಲಿದೆ ದೇವಬಾಗ. ದೋಣಿಯಲ್ಲಿ ಅಳಿವೆಯನ್ನು ದಾಟಿ ನಾವು ಸೇರಿದ ತಂಗುಮನೆಯಲ್ಲಿ ಆಡಂಬರವೇನೂ ಇರಲಿಲ್ಲ; ಮರದ ಗೋಡೆ, ಹೆಂಚಿನ ಮಾಡು, ಮುಂದೊಂದು ಕಿರಿಯ ಜಗಲಿ. ಸುತ್ತಲೂ ಗಾಳಿಮರಗಳು; ಅವುಗಳ ಕಾಂಡಗಳ ನಡುವೆ ಕಡಲು.

ನಮ್ಮ ಪೈಕಿ ಹಿರಿಯರೊಬ್ಬರು ಹಿಂದೆ ಕ್ಯಾಲಿಫೋರ್ನಿಯದ ಮಗನ ಮನೆಗೆ ಹೋಗಿದ್ದಾಗ, ಅಲ್ಲಿನ ಕರಾವಳಿಯ ರೆಡ್‌ವುಡ್ ಕಾಡಿನಲ್ಲಿ ಇಂಥದೇ ಮರದ ಮನೆಯಲ್ಲಿ ತಂಗಿದ್ದರು. ಜಗಲಿಯಲ್ಲಿ ಕುಳಿತಾಗ ಆ ಕಾಡಿನ ಮಾತು ಬಂದಿತು. ಜಗತ್ತಿನ ಅತ್ಯಂತ ಎತ್ತರದ ಮರಗಳಿರುವುದು ಅಲ್ಲಿಯೇ. 2006ರಲ್ಲಿ ಪತ್ತೆಯಾದ ‘ಹೈಪೀರಿಯನ್’ ಎಂಬ ಮರದ ಎತ್ತರ ಸುಮಾರು 116 ಮೀಟರು. ಕುತುಬ್ ಮಿನಾರಿನ ಒಂದೂವರೆ ಪಟ್ಟಿಗೂ ಮಿಗಿಲು. ಅಲ್ಲಿ ಬೇಸಗೆಯಲ್ಲಿ ಮಳೆಯಿಲ್ಲ. ಆದರೆ ಕಡಲಿನಿಂದ ದಟ್ಟವಾದ ಮಂಜು ಏರಿ ಬರುತ್ತದೆ. ಎಲೆಗಳು ಆ ಮಂಜನ್ನು ಸೋಸಿ ಹನಿಯಾಗಿ ನೆಲಕ್ಕೆ ಇಳಿಸುತ್ತವೆ. ತಾವೂ ಒಂದಿಷ್ಟನ್ನು ಹೀರಿಕೊಳ್ಳುತ್ತವೆ. ಟಾಡ್ ಡಾಸನ್ ಎಂಬ ವಿಜ್ಞಾನಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಂಥ ಕಾಡಿಗೆ ವರ್ಷದಲ್ಲಿ ಒದಗಿದ ನೀರಿನ ಮೂರರಲ್ಲೊಂದು ಪಾಲು ಮಂಜಿನದು!

ಹಾಗಾದರೆ ನಮ್ಮ ತಲೆಯ ಮೇಲಿದ್ದ ಈ ಮರ ಬರಿಯ ಮರಳಿನಲ್ಲಿ ಏನನ್ನುಂಡು ಬದುಕುತ್ತದೆ? ಬಿದ್ದಿದ್ದ ಒಂದು ‘ಸೂಜಿ’ಯನ್ನು ಎತ್ತಿ ನೋಡಿದೆವು. ಅದು ಎಲೆಯಲ್ಲ, ಗಿಣ್ಣುಗಿಣ್ಣಾದ ಹಸಿರು ಕಿರುರೆಂಬೆ. ಪ್ರತಿ ಗಿಣ್ಣಿನಲ್ಲಿಯೂ ಹಲ್ಲಿನಂತೆ ಕಾಣುವ ಆರೆಂಟು ಪೊರೆಗಳೇ ನಿಜವಾದ ಎಲೆಗಳು. ಎಲೆ ಇಷ್ಟು ಕಿರಿದಾದುದರಿಂದ ನೀರಿನ ವೆಚ್ಚವೂ ಮಿತ. ಇನ್ನು ಬೇರಿನಲ್ಲಿ ಫ್ರಾಂಕಿಯ ಎಂಬ ಸೂಕ್ಷ್ಮಜೀವಿ ಗಂಟು ಕಟ್ಟಿ ನೆಲೆಸಿ, ಗಾಳಿಯ ಸಾರಜನಕವನ್ನು ಮರಕ್ಕೆ ಆಹಾರವಾಗಿ ಮಾರ್ಪಡಿಸಿ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಮರ ಸಕ್ಕರೆಯನ್ನು ಕೊಡುತ್ತದೆ. ರೆಡ್‌ವುಡ್ ಕಡಲಿನ ಮಂಜನ್ನು ಕುಡಿದರೆ, ಗಾಳಿಮರ ಗಾಳಿಯನ್ನೇ ಉಣ್ಣುತ್ತದೆ ಎನ್ನೋಣ.

ರಾತ್ರಿಯಿಡೀ ಮರಗಳು ಸುಯ್ಗುಟ್ಟುತ್ತಿದ್ದುವು. ಇದಕ್ಕೂ ಲೆಕ್ಕವುಂಟು. ತೆಳುವಾದ ಕಡ್ಡಿಯ ಹಿಂದೆ ಗಾಳಿ ಸುಳಿಸುಳಿಯಾಗಿ ಒಡೆಯುವುದರಿಂದ ಸ್ವರ ಹುಟ್ಟುತ್ತದೆ; ಆ ಸ್ವರವು ಗಾಳಿಯ ವೇಗವನ್ನೂ ಕಡ್ಡಿಯ ದಪ್ಪವನ್ನೂ ಅವಲಂಬಿಸುವುದನ್ನು 1878ರಲ್ಲಿ ಸ್ಟ್ರೋಹಾಲ್ ಎಂಬವರು ಅಳೆದು ತೋರಿಸಿದರು. ಗಾಳಿಯ ವೇಗವನ್ನು ಕಡ್ಡಿಯ ದಪ್ಪದಿಂದ ಭಾಗಿಸಿ, ಐದರಲ್ಲೊಂದು ಪಾಲು ತೆಗೆದರೆ ಸೆಕೆಂಡಿಗೆ ಎಷ್ಟು ಕಂಪನವೆಂಬುದು ಸಿಕ್ಕುತ್ತದೆ. ಕಿರುರೆಂಬೆಯ ದಪ್ಪ ಮುಕ್ಕಾಲು ಮಿಲಿಮೀಟರು, ಗಾಳಿಯ ವೇಗ ಸೆಕೆಂಡಿಗೆ 5 ಮೀಟರು ಎಂದಿಟ್ಟುಕೊಂಡರೆ ಸುಮಾರು 1,300 ಕಂಪನ. ಗಾಳಿ ಬಲಿತಂತೆ ಸ್ವರವೂ ಏರುವುದು ಇದರಿಂದಲೇ.

ಈ ಮರ ಇಲ್ಲಿಯದಲ್ಲ. ಆಗ್ನೇಯ ಏಷ್ಯ, ಆಸ್ಟ್ರೇಲಿಯ, ಶಾಂತಸಾಗರದ ದ್ವೀಪಗಳು ಇದರ ತವರು. ಕಾರವಾರದಲ್ಲಿ 1868ರ ಸುಮಾರಿಗೆ ಇದನ್ನು ತಂದು ನೆಟ್ಟರು. 1880ರ ದಶಕದ ಆರಂಭದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಕೆಲಕಾಲವಿದ್ದ ರವೀಂದ್ರನಾಥ ಠಾಕೂರರು, ತಮ್ಮ ಸ್ಮೃತಿಗ್ರಂಥದಲ್ಲಿ ಈ ತೀರದ ಗಾಳಿಮರದ ಕಾಡನ್ನು ನೆನೆದಿದ್ದಾರೆ. ಒಂದೂವರೆ ದಶಕದೊಳಗೇ ಅದು ಕವಿಯ ಕಣ್ಣಿಗೆ ಕಾಡಾಗಿ ಕಂಡಿತ್ತು!

ಮರುದಿನ ಬೆಳಗ್ಗೆ ದಂಡೆಗೆ ಹೋದಾಗ ನಮ್ಮ ಉತ್ಸಾಹ ತುಸು ಇಳಿಯಿತು. ನೀರಿನ ಅಂಚಿನಲ್ಲಿ ಐದಾರು ಮರಗಳು ಬೇರು ಮೇಲಾಗಿ ಉರುಳಿದ್ದುವು. ತುಸು ದೂರದಲ್ಲಿ ಕಡಲಾಮೆಯ ಮೊಟ್ಟೆಗಳಿದ್ದ ಗುಂಡಿಗೆ ಬಲೆಯ ಬೇಲಿ ಹಾಕಿದ್ದರು. ಮರಳಿನ ದಿಬ್ಬವನ್ನು ಕಟ್ಟಿ ಹಿಡಿಯುವುದು ನೆಲಕ್ಕೆ ಹಬ್ಬುವ ಅಡುಂಬು ಬಳ್ಳಿ. ಗಾಳಿಮರದ ನೆರಳಿನಲ್ಲಿ, ಉದುರಿದ ಸೂಜಿಗಳ ದಪ್ಪ ಹಾಸಿನಲ್ಲಿ ಅದು ಬೆಳೆಯಲಾರದು. ಆಮೆಗೆ ಗುಂಡಿ ತೋಡಲು ಬೇರುಗಳು ಅಡ್ಡಿ. ಅಲ್ಲದೆ ಮರಿ ಹೆಣ್ಣೋ ಗಂಡೋ ಎಂಬುದು ಮರಳಿನ ಬಿಸಿಯಿಂದ ನಿಶ್ಚಯವಾಗುತ್ತದೆ. ಬಿಸಿ ಹೆಚ್ಚಿದರೆ ಹೆಣ್ಣು, ತಂಪಾದರೆ ಗಂಡು. ನೆರಳು ಈ ಲೆಕ್ಕವನ್ನೂ ತಪ್ಪಿಸಬಲ್ಲುದು.

ರೆಡ್‌ವುಡ್ ತನ್ನ ಕರಾವಳಿಗೆ ಲಕ್ಷಾಂತರ ವರ್ಷಗಳಿಂದ ಒಗ್ಗಿದ ಮರ. ಅಲ್ಲಿ ಮನುಷ್ಯನ ತಪ್ಪು ಕಡಿದದ್ದು. ಹಳೆಯ ಕಾಡಿನಲ್ಲಿ ನೂರಕ್ಕೆ ಐದು ಪಾಲು ಮಾತ್ರ ಉಳಿದಿದೆ. ನಮ್ಮಲ್ಲಿ ತಪ್ಪಾಗುವುದು ನೆಡುವುದರಲ್ಲಿ. ಗಾಳಿಮರ ಉರುವಲನ್ನೂ ಗಳವನ್ನೂ ಕೊಟ್ಟಿದೆ, ಹಿಂದಿನ ಮನೆ ತೋಟಗಳಿಗೆ ಬಿರುಗಾಳಿಯನ್ನು ತಡೆದಿದೆ. ಅದನ್ನು ಕಿತ್ತೆಸೆಯಬೇಕೆಂದು ನಾವು ಹೇಳುವುದಿಲ್ಲ. ದಂಡೆಯಿಂದ ಹಿಂದೆ ಸರಿದು ನೆಟ್ಟು, ಮುಂದಿನ ಮರಳನ್ನು ಬಳ್ಳಿಗೂ ಆಮೆಗೂ ಬಿಟ್ಟರೆ ಸಾಕು.

ಊರಿಗೆ ಮರಳಿದಾಗ ನಮ್ಮ ಬೀದಿಯ ಹೊಸ ಮನೆಗೆ ಗಳಗಳನ್ನು ಇಳಿಸುತ್ತಿದ್ದರು. ಒಂದರ ತೊಗಟೆಯನ್ನು ಮುಟ್ಟಿ ನೋಡಿ ಒಳಗೆ ಬಂದೆವು.