261 ನಂಬರಿನ ಫೋಟೊ, ಅತಿಯಾದ ನೀರು ಮತ್ತು ಬೋಸ್ಟನ್ ಮ್ಯಾರಥಾನ್

ಮಹಿಳಾ ದಿನದ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಒಂದು ಕಪ್ಪು-ಬಿಳುಪು ಫೋಟೊವನ್ನು ನೀವೂ ನೋಡಿರಬಹುದು. ರಸ್ತೆಯಲ್ಲಿ ಓಡುತ್ತಿರುವ ಯುವತಿ, ಎದೆಯ ಮೇಲೆ 261 ಎಂಬ ಸಂಖ್ಯೆ. ಕೋಟು ತೊಟ್ಟ ಒಬ್ಬ ವ್ಯಕ್ತಿ ಹಿಂದಿನಿಂದ ಬಂದು ಆಕೆಯನ್ನು ಹಿಡಿದೆಳೆಯುತ್ತಿದ್ದಾನೆ. ಕೆಳಗೆ ಸಾಮಾನ್ಯವಾಗಿ ಇರುವ ಬರಹ: "ಬೋಸ್ಟನ್ ಮ್ಯಾರಥಾನ್ ಓಡಿದ ಮೊದಲ ಮಹಿಳೆ."

ಫೋಟೊ ನಿಜ, ಎಡಿಟ್ ಮಾಡಿದ್ದಲ್ಲ. 1967ರ ಏಪ್ರಿಲ್‌ನಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್ ನಡೆಯುವಾಗ ತೆಗೆದದ್ದು. ಓಡುತ್ತಿರುವವರು ಕ್ಯಾಥರೀನ್ ಸ್ವಿಟ್ಜರ್, ಎಳೆಯುತ್ತಿರುವವರು ಓಟದ ಅಧಿಕಾರಿ ಜಾಕ್ ಸೆಂಪಲ್. ಆದರೆ ಕೆಳಗಿನ ಬರಹ ತಪ್ಪು. ಒಂದು ವರ್ಷ ಮೊದಲೇ, 1966ರಲ್ಲಿ, ಬಾಬಿ ಗಿಬ್ ಎಂಬ ಯುವತಿ ಆ ಓಟವನ್ನು ಪೂರ್ತಿ ಓಡಿ ಮುಗಿಸಿದ್ದರು. ಅವರು ಮೊದಲು ಅರ್ಜಿ ಹಾಕಿದ್ದರು. ಇಷ್ಟು ದೂರ ಓಡುವ ದೈಹಿಕ ಶಕ್ತಿ ಹೆಂಗಸರಿಗಿಲ್ಲ ಎಂಬ ಉತ್ತರ ಬಂತು. ಆಗ ಅವರು ಆರಂಭದ ಗೆರೆಯ ಹತ್ತಿರ ಪೊದೆಯಲ್ಲಿ ಅಡಗಿ ಕುಳಿತು, ಓಟ ಶುರುವಾದ ಮೇಲೆ ಗುಂಪಿನೊಳಗೆ ಸೇರಿಕೊಂಡರು. ಅವರು ಮುಗಿಸಿದ್ದು 3 ಗಂಟೆ 21 ನಿಮಿಷದಲ್ಲಿ. ಓಡಿದ ಗಂಡಸರಲ್ಲಿ ಮೂರನೇ ಎರಡರಷ್ಟು ಮಂದಿ ಅವರ ಹಿಂದಿದ್ದರು.

ಹಾಗಾದರೆ ಸ್ವಿಟ್ಜರ್ ಮಾಡಿದ್ದೇನು? ಅರ್ಜಿಯಲ್ಲಿ ಹೆಸರನ್ನು ಕೆ. ವಿ. ಸ್ವಿಟ್ಜರ್ ಎಂದಷ್ಟೇ ಬರೆದಿದ್ದರಿಂದ ಅವರಿಗೆ ಅಧಿಕೃತ ಸಂಖ್ಯೆ ಸಿಕ್ಕಿತು. ಬೋಸ್ಟನ್‌ನಲ್ಲಿ ಸಂಖ್ಯೆ ತೊಟ್ಟು ಓಡಿದ ಮೊದಲ ಮಹಿಳೆ ಎಂದರೆ ಸರಿ. ಸೆಂಪಲ್ ಕಿತ್ತುಕೊಳ್ಳಲು ಬಂದದ್ದೂ ಆ ಸಂಖ್ಯೆಯ ಚೀಟಿಯನ್ನೇ. ಸ್ವಿಟ್ಜರ್ ಜೊತೆ ಓಡುತ್ತಿದ್ದ ಅವರ ಗೆಳೆಯ ಸೆಂಪಲ್‌ರನ್ನು ಪಕ್ಕಕ್ಕೆ ನೂಕಿದ, ಅವರು ಓಟ ಮುಗಿಸಿದರು. ಆ ದಿನ ಗಿಬ್ ಕೂಡ ಓಡಿದ್ದರು, ಸಂಖ್ಯೆಯಿಲ್ಲದೆ, ಸ್ವಿಟ್ಜರ್‌ಗಿಂತ ಸುಮಾರು ಒಂದು ಗಂಟೆ ಮೊದಲೇ ಮುಗಿಸಿದರು. ಅವರ ಫೋಟೊ ಮಾತ್ರ ಅಷ್ಟಾಗಿ ಯಾರಿಗೂ ಫಾರ್ವರ್ಡ್ ಆಗುವುದಿಲ್ಲ!

ಬೋಸ್ಟನ್ ಮಹಿಳೆಯರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಬರಲು 1984ರವರೆಗೆ ಕಾಯಬೇಕಾಯಿತು. ಅದನ್ನು ಗೆದ್ದ ಜೋನ್ ಬೆನೊಯಿಟ್ ಅಷ್ಟರಲ್ಲಿ ಬೋಸ್ಟನ್ನನ್ನು ಎರಡು ಸಲ ಗೆದ್ದಿದ್ದರು.

ಹದಿನೈದು ಜನರ ಓಟ

ಮ್ಯಾರಥಾನ್ ಅಂದ ಕೂಡಲೇ ಬರುವ ಇನ್ನೊಂದು ಕಥೆ ಗ್ರೀಕ್ ಓಟಗಾರನದು. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಎಂಬಲ್ಲಿ ಯುದ್ಧ ಗೆದ್ದ ಸುದ್ದಿ ಹೊತ್ತು ಫಿಡಿಪಿಡೀಸ್ ಅಥೆನ್ಸ್‌ಗೆ ಓಡಿದ, ಸುದ್ದಿ ಹೇಳಿ ಸತ್ತುಬಿದ್ದ ಎಂಬ ಕಥೆ. "ನೋಡಿ, ಮೊದಲ ಮ್ಯಾರಥಾನ್ ಓಡಿದವನೇ ಸತ್ತ" ಎಂದು ಹೆದರಿಸುವವರಿಗೂ ಇದೇ ಆಧಾರ. ಆದರೆ ಆ ಯುದ್ಧಕ್ಕೆ ಹತ್ತಿರದ ಕಾಲದಲ್ಲಿ ಬರೆದ ಹೆರೊಡೋಟಸ್ ಹೀಗೆ ಹೇಳುವುದೇ ಇಲ್ಲ. ಅವನ ಪ್ರಕಾರ ಆ ಓಟಗಾರ ಯುದ್ಧಕ್ಕೆ ಮೊದಲು, ಸಹಾಯ ಕೇಳಲು, ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ ಓಡಿದ. ಅದು ಸುಮಾರು 240 ಕಿ.ಮೀ. ದಾರಿ, ಅವನು ಸಾಯಲೂ ಇಲ್ಲ. ಓಡಿ ಬಂದು ಸತ್ತ ಕಥೆ ನೂರಾರು ವರ್ಷಗಳ ನಂತರದ ಲೇಖಕರದು.

ಕಥೆ ಏನೇ ಇರಲಿ, ಅದರ ಹೆಸರಿನಲ್ಲಿ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಟವೊಂದು ನಡೆಯಿತು. ಅಲ್ಲಿಗೆ ಹೋಗಿದ್ದ ಅಮೆರಿಕದ ತಂಡದಲ್ಲಿ ಬೋಸ್ಟನ್ ಅಥ್ಲೆಟಿಕ್ ಅಸೋಸಿಯೇಷನ್‌ನವರು ಹಲವರಿದ್ದರು. ಅವರಿಗೆ ಇದು ಹಿಡಿಸಿತು. ಮರುವರ್ಷವೇ, 1897ರ ಏಪ್ರಿಲ್ 19ರಂದು, ತಮ್ಮ ಊರಿನಲ್ಲಿ ಒಂದು ಓಟ ಇಟ್ಟರು. ಅಥೆನ್ಸ್‌ನಲ್ಲಿ 100 ಮೀಟರ್ ಗೆದ್ದಿದ್ದ ಟಾಮ್ ಬರ್ಕ್ ತಮ್ಮ ಬೂಟಿನ ಹಿಮ್ಮಡಿಯಿಂದ ಮಣ್ಣಿನ ರಸ್ತೆಯ ಮೇಲೆ ಒಂದು ಗೆರೆ ಎಳೆದು "ಓಡಿ" ಎಂದರು. ಓಡಿದವರು 15 ಮಂದಿ, ಮುಗಿಸಿದವರು 10. ಜಗತ್ತಿನಲ್ಲಿ ಪ್ರತಿವರ್ಷ ನಡೆಯುವ ಮ್ಯಾರಥಾನ್‌ಗಳಲ್ಲಿ ಇದೇ ಅತ್ಯಂತ ಹಳೆಯದು.

ಆ ದಿನದ ದೂರ ಈಗಿನ ಮ್ಯಾರಥಾನ್‌ನಷ್ಟಿರಲಿಲ್ಲ, ಸುಮಾರು 39 ಕಿ.ಮೀ. ಈಗಿನ 42.195 ಕಿ.ಮೀ. ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಎದುರಿನವರೆಗೆ ಅಳೆದಾಗ ಬಂದ ಲೆಕ್ಕ ಅದು. 1921ರಲ್ಲಿ ಅದನ್ನೇ ಕಾಯಂ ಮಾಡಿದರು. "ಮನುಷ್ಯನ ದೇಹದ ಮಿತಿಯನ್ನು ಲೆಕ್ಕ ಹಾಕಿ ಇಟ್ಟ ದೂರ" ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಇನ್ನು ನಮ್ಮಲ್ಲಿ ಬೀದಿ ಓಟಕ್ಕೆಲ್ಲ ಮ್ಯಾರಥಾನ್ ಎನ್ನುವ ರೂಢಿಯಿದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ದೊಡ್ಡ ಓಟ 10 ಕಿ.ಮೀ.ನದು, ಅದು ಮ್ಯಾರಥಾನ್ ಅಲ್ಲ.

ಎಂಟು ಊರು, ಒಂದು ಸೋಮವಾರ

ಬೋಸ್ಟನ್ ಮ್ಯಾರಥಾನ್ ಬೋಸ್ಟನ್‌ನಲ್ಲಿ ಶುರುವಾಗುವುದಿಲ್ಲ. ಹಾಪ್ಕಿಂಟನ್ ಎಂಬ, ಇಪ್ಪತ್ತು ಸಾವಿರ ಜನವೂ ಇಲ್ಲದ ಊರಿನಲ್ಲಿ ಶುರುವಾಗಿ, ಎಂಟು ಊರುಗಳನ್ನು ಹಾದು ಬೋಸ್ಟನ್‌ನ ನಡುಮಧ್ಯದಲ್ಲಿ ಮುಗಿಯುತ್ತದೆ. ಎಂಟೂ ಊರಿನ ಅನುಮತಿ ಬೇಕು, ಎಂಟೂ ಊರಿನ ಪೊಲೀಸರು ಬೇಕು. ಓಟ ಏಪ್ರಿಲ್‌ನ ಮೂರನೇ ಸೋಮವಾರ. ಆ ದಿನ ಆ ರಾಜ್ಯದಲ್ಲಿ ರಜೆ, ಹಾಗಾಗಿ ರಸ್ತೆ ಮುಚ್ಚಿದರೂ ಆಫೀಸಿಗೆ ಹೋಗುವವರ ಗೋಳು ಕಡಿಮೆ. ಬೆಳಗಿನ ಜಾವದಿಂದ ಶಾಲಾ ಬಸ್ಸುಗಳಲ್ಲಿ ಸುಮಾರು 30 ಸಾವಿರ ಓಟಗಾರರನ್ನು ಆ ಪುಟ್ಟ ಊರಿಗೆ ಸಾಗಿಸುತ್ತಾರೆ. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ಹಿಂದಿನ ಓಟದಲ್ಲಿ ಅವರವರು ತೆಗೆದುಕೊಂಡ ಸಮಯ ನೋಡಿ ತಂಡ ಮಾಡಿ, ವೇಗದವರನ್ನು ಮೊದಲು ಬಿಡುತ್ತಾರೆ.

ದುಡ್ಡು ಕಟ್ಟಿದರೆ ಸಾಕು, ಸೀಟು ಸಿಗುತ್ತದೆ ಎಂಬ ಓಟವೂ ಅಲ್ಲ. ದಾನ ಸಂಗ್ರಹಿಸಿ ಓಡುವವರಿಗೆ ಒಂದಷ್ಟು ಜಾಗ ಇದೆ, ಉಳಿದವರು ಬೇರೊಂದು ಮ್ಯಾರಥಾನನ್ನು ನಿಗದಿತ ಸಮಯದೊಳಗೆ ಓಡಿ ತೋರಿಸಬೇಕು. 2025ರ ಓಟಕ್ಕೆ 35 ವರ್ಷದೊಳಗಿನ ಗಂಡಸರಿಗೆ ಈ ಗಡುವು 3 ಗಂಟೆ ಇತ್ತು. ಆದರೆ ಅರ್ಹತೆ ಪಡೆದು ಅರ್ಜಿ ಹಾಕಿದವರೇ 36 ಸಾವಿರಕ್ಕೂ ಹೆಚ್ಚಾದರು. ಕೊನೆಗೆ ಜಾಗ ಸಿಕ್ಕಿದ್ದು ಗಡುವಿಗಿಂತ 6 ನಿಮಿಷ 51 ಸೆಕೆಂಡ್ ಅಥವಾ ಅದಕ್ಕೂ ಬೇಗ ಓಡಿದವರಿಗೆ. 12 ಸಾವಿರಕ್ಕೂ ಹೆಚ್ಚು ಮಂದಿ ಹೊರಗುಳಿದರು.

ಗಾಲಿಕುರ್ಚಿಯ ಸ್ಪರ್ಧೆ ಇಲ್ಲಿಗೆ ಬಂದ ಬಗೆಯನ್ನು ಹೇಳಲೇಬೇಕು. 1975ರಲ್ಲಿ ಬಾಬ್ ಹಾಲ್ ಎಂಬುವರು ಗಾಲಿಕುರ್ಚಿಯಲ್ಲಿ ಬರುತ್ತೇನೆ ಎಂದಾಗ, 3 ಗಂಟೆಯೊಳಗೆ ಮುಗಿಸಿದರೆ ಪ್ರಮಾಣಪತ್ರ ಕೊಡುತ್ತೇವೆ ಎಂದರು. ಅವರು 2 ಗಂಟೆ 58 ನಿಮಿಷದಲ್ಲಿ ಮುಗಿಸಿದರು.

ಮೋಸ ಮಾಡುವವರೂ ಬಂದಿದ್ದಾರೆ. 1980ರಲ್ಲಿ ರೋಸಿ ರೂಯಿಜ್ ಎಂಬಾಕೆ ಮಹಿಳೆಯರಲ್ಲಿ ಮೊದಲು ಬಂದರು, ಬೆವರೇ ಇಲ್ಲದೆ. ಕೊನೆಯ ಒಂದೆರಡು ಕಿ.ಮೀ. ಇರುವಾಗ ಗುಂಪಿನೊಳಗೆ ನುಗ್ಗಿದ್ದರು ಎಂದು ತಿಳಿದು ಎಂಟು ದಿನದಲ್ಲಿ ಪದಕ ಹೋಯಿತು. "ಮೆಟ್ರೊ ಹತ್ತಿ ಬೋಸ್ಟನ್ ಗೆದ್ದವಳು" ಎಂದು ಹೇಳುವುದುಂಟು. ಮೆಟ್ರೊ ಕಥೆ ಅದಕ್ಕೂ ಮುಂಚಿನ ನ್ಯೂಯಾರ್ಕ್ ಓಟದ್ದು. ಈಗ ಎದೆಯ ಚೀಟಿಯಲ್ಲೇ ಚಿಪ್ ಇರುತ್ತದೆ. ದಾರಿಯುದ್ದಕ್ಕೂ ಪ್ರತಿ 5 ಕಿ.ಮೀ.ಗೆ ಹಾಸಿದ ಮ್ಯಾಟ್ ತುಳಿದಾಗ ಸಮಯ ದಾಖಲಾಗುತ್ತದೆ. ಒಂದು ಮ್ಯಾಟ್ ತಪ್ಪಿದರೂ ಪ್ರಶ್ನೆ ಏಳುತ್ತದೆ.

ಹಾಗೆಯೇ, "ನನ್ನ ಫೋನ್ 42.7 ತೋರಿಸಿತು, ಆಯೋಜಕರು ತಪ್ಪಾಗಿ ಅಳೆದಿದ್ದಾರೆ" ಎಂದು ದೂರುವವರಿಗೆ ಒಂದು ಮಾತು. ರಸ್ತೆ ಓಟವನ್ನು ಜಿಪಿಎಸ್‌ನಿಂದ ಅಳೆಯುವುದಿಲ್ಲ. ಸೈಕಲ್ಲಿನ ಚಕ್ರಕ್ಕೆ ಸುತ್ತು ಎಣಿಸುವ ಪುಟ್ಟ ಯಂತ್ರ ಕಟ್ಟಿ, ತಿರುವುಗಳಲ್ಲಿ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ದೂರ ಕಡಿಮೆಯಾಗದಿರಲಿ ಎಂದು ಸಾವಿರಕ್ಕೆ ಒಂದರಂತೆ, ಅಂದರೆ ಸುಮಾರು 42 ಮೀಟರ್, ಸೇರಿಸುತ್ತಾರೆ. ನೀವು ಜನರನ್ನು ತಪ್ಪಿಸುತ್ತ ಅಡ್ಡಾದಿಡ್ಡಿ ಓಡಿರುತ್ತೀರಿ, ಎತ್ತರದ ಕಟ್ಟಡಗಳು ಫೋನಿನ ಸಿಗ್ನಲ್ಲನ್ನು ಗೊಂದಲ ಮಾಡಿರುತ್ತವೆ.

ನೀರು ಕುಡಿದರೆ ಒಳ್ಳೆಯದು, ಎಷ್ಟು?

ನಿಜವಾಗಿ ಜೀವಕ್ಕೆ ಸಂಬಂಧಿಸಿದ ಫಾರ್ವರ್ಡ್ ಇದು: "ಓಡುವಾಗ ಬಾಯಾರಿಕೆ ಆಗುವವರೆಗೆ ಕಾಯಬೇಡಿ, ಎಷ್ಟಾಗುತ್ತೋ ಅಷ್ಟು ನೀರು ಕುಡಿಯಿರಿ." ಒಂದು ಕಾಲದಲ್ಲಿ ತಜ್ಞರೂ ಹೀಗೇ ಹೇಳುತ್ತಿದ್ದರು. ಬೋಸ್ಟನ್ ಇದನ್ನು ತಿದ್ದಿಕೊಂಡದ್ದು ಒಂದು ಸಾವಿನಿಂದ.

2002ರ ಓಟದಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಕೊನೆಯ ಹಂತದಲ್ಲಿ ಕುಸಿದುಬಿದ್ದು, ನಂತರ ತೀರಿಕೊಂಡರು. ಕಾರಣ ನೀರಿನ ಕೊರತೆಯಲ್ಲ. ದ್ರವ ಹೆಚ್ಚಾಗಿ ಒಳಗೆ ಹೋಗಿ ರಕ್ತದ ಸೋಡಿಯಂ ತೀರಾ ಕೆಳಗಿಳಿದಿತ್ತು, ಮಿದುಳು ಊದಿಕೊಂಡಿತ್ತು. ಅದೇ ಓಟದಲ್ಲಿ ವೈದ್ಯರ ತಂಡವೊಂದು 488 ಓಟಗಾರರ ರಕ್ತ ಪರೀಕ್ಷೆ ಮಾಡಿತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ ಬಹಳ ಮಂದಿ ಬೆಚ್ಚಿದರು: ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ, ಮೂವರಲ್ಲಿ ಅಪಾಯದ ಮಟ್ಟಕ್ಕೆ ಇಳಿದಿತ್ತು. ಓಟ ಮುಗಿಸುವಾಗ ತೂಕ ಹೆಚ್ಚಾಗಿದ್ದವರಲ್ಲಿ ತೊಂದರೆ ಹೆಚ್ಚು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲೂ ಹೆಚ್ಚು. ನಿಧಾನವಾಗಿ ಓಡುವವರಿಗೆ ಪ್ರತಿ ನೀರಿನ ಮೇಜಿನ ಬಳಿಯೂ ನಿಂತು ಕುಡಿಯಲು ಸಮಯ ಸಿಗುತ್ತದೆ, ಬೆವರೂ ಕಡಿಮೆ. ಕುಡಿದದ್ದು ಬರೀ ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ಆ ಬಣ್ಣದ ಪಾನೀಯದಲ್ಲಿ ಉಪ್ಪು ಇರುವುದು ನಿಜ, ಆದರೆ ರಕ್ತದಲ್ಲಿರುವುದಕ್ಕೆ ಹೋಲಿಸಿದರೆ ಬಹಳ ಕಡಿಮೆ.

ಹೆಚ್ಚಾದ ನೀರು ಮೂತ್ರವಾಗಿ ಹೋಗಬೇಕಲ್ಲವೇ ಎಂದು ಕೇಳಬಹುದು. ಮನೆಯಲ್ಲಿ ಕುಳಿತಿದ್ದರೆ ಹೋಗುತ್ತದೆ. ಗಂಟೆಗಟ್ಟಲೆ ಓಡುವಾಗ ನೀರನ್ನು ಹಿಡಿದಿಟ್ಟುಕೊಳ್ಳುವ ಹಾರ್ಮೋನು ಹೆಚ್ಚು ಬಿಡುಗಡೆಯಾಗಿ ಮೂತ್ರಪಿಂಡಗಳು ನೀರನ್ನು ಹೊರಹಾಕುವುದು ಕಡಿಮೆಯಾಗುತ್ತದೆ. ಲಕ್ಷಣಗಳು ತಲೆನೋವು, ವಾಂತಿ, ಗೊಂದಲದ ಮಾತು, ಊದಿದ ಬೆರಳುಗಳು. ನೋಡಿದವರು ಬಿಸಿಲಿನ ಸುಸ್ತು ಎಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ. ಅಪಾಯ ಇರುವುದೇ ಇಲ್ಲಿ. ಹಾಗಾಗಿ ದೊಡ್ಡ ಓಟಗಳ ವೈದ್ಯಕೀಯ ಡೇರೆಗಳಲ್ಲಿ ಮೊದಲು ರಕ್ತದ ಸೋಡಿಯಂ ನೋಡಿ, ಆಮೇಲೆ ಏನು ಕೊಡಬೇಕೆಂದು ನಿರ್ಧರಿಸುತ್ತಾರೆ.

ಹಾಗೆಂದು ನೀರೇ ಕುಡಿಯಬೇಡಿ ಎಂದಲ್ಲ. 1976ರಲ್ಲಿ ಬೋಸ್ಟನ್ ಓಟದ ದಿನ ಎಂಥ ಬಿಸಿಲಿತ್ತೆಂದರೆ, ದಾರಿಯ ಮನೆಯವರು ಗಿಡಕ್ಕೆ ನೀರು ಹಾಕುವ ಪೈಪ್ ಹಿಡಿದು ಓಟಗಾರರ ಮೇಲೆ ನೀರು ಬಿಟ್ಟರು. ನಮ್ಮ ಬೇಸಿಗೆಯಲ್ಲಿ ನಿರ್ಜಲೀಕರಣವೂ ಬಿಸಿಲಾಘಾತವೂ ನಿಜವಾದ ಅಪಾಯಗಳೇ. ಈಗಿನ ವೈದ್ಯಕೀಯ ಸಲಹೆ ಸರಳ: ಬಾಯಾರಿದಾಗ, ಬಾಯಾರಿದಷ್ಟು. ಓಟ ಮುಗಿಸಿದಾಗ ಶುರುವಿಗಿಂತ ತೂಕ ಹೆಚ್ಚಾಗಿರಬಾರದು.

ಡೇರೆಯ ಕೆಲಸ

2013ರ ಏಪ್ರಿಲ್ 15ರಂದು ಬೋಸ್ಟನ್‌ನ ಮುಕ್ತಾಯದ ಗೆರೆಯ ಬಳಿ ಎರಡು ಬಾಂಬ್ ಸಿಡಿದವು. ಮೂವರು ಸತ್ತರು, 260ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಹಲವರು ಕಾಲು ಕಳೆದುಕೊಂಡರು. ಆದರೆ ಜೀವಂತವಾಗಿ ಆಸ್ಪತ್ರೆ ತಲುಪಿದ ಗಾಯಾಳುಗಳಲ್ಲಿ ಒಬ್ಬರೂ ಸಾಯಲಿಲ್ಲ. ಅದಕ್ಕೆ ಒಂದು ಮುಖ್ಯ ಕಾರಣ, ಬಳಲಿದ ಓಟಗಾರರಿಗೆಂದು ಹತ್ತಿರದಲ್ಲೇ ಹಾಕಿದ್ದ ಡೇರೆಯಲ್ಲಿ ವೈದ್ಯರು, ನರ್ಸ್‌ಗಳು, ಆ್ಯಂಬುಲೆನ್ಸ್‌ಗಳು ಸಿದ್ಧವಾಗಿದ್ದದ್ದು. ಅದೇ ದಿನ ಸುಳ್ಳೊಂದು ಜಗತ್ತೆಲ್ಲ ಹರಡಿತು: ಓಡುತ್ತಿದ್ದ 8 ವರ್ಷದ ಹುಡುಗಿ ಸತ್ತಳು ಎಂದು, ಫೋಟೊ ಸಮೇತ. ಫೋಟೊದಲ್ಲಿದ್ದ ಹುಡುಗಿಯ ಎದೆಯ ಚೀಟಿ ಬೇರೆ ಊರಿನ 5 ಕಿ.ಮೀ. ಓಟದ್ದು. ಬೋಸ್ಟನ್ ಓಡಲು 18 ವರ್ಷ ತುಂಬಿರಬೇಕು. ಸತ್ತವರಲ್ಲಿ 8 ವರ್ಷದ ಬಾಲಕನೊಬ್ಬ ಇದ್ದದ್ದು ನಿಜ, ಅವನು ಓಟ ನೋಡಲು ಬಂದಿದ್ದವನು.

ಓಟಗಾರರ ಹೃದಯದ ವಿಷಯದಲ್ಲೂ ಡೇರೆಯ ಪಾತ್ರ ದೊಡ್ಡದು. "ಮ್ಯಾರಥಾನ್ ಓಡಿದರೆ ಹೃದಯ ನಿಲ್ಲುತ್ತದೆ" ಎಂಬ ಸಂದೇಶ ಬಂದರೆ ಈ ಲೆಕ್ಕ ನೋಡಿ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಸುಮಾರು 1.09 ಕೋಟಿ ಮಂದಿಯಲ್ಲಿ 59 ಮಂದಿಗೆ ಹೃದಯ ಸ್ತಂಭನವಾಯಿತು, 42 ಮಂದಿ ಸತ್ತರು. 2010ರಿಂದ 2023ರವರೆಗೆ ಓಟ ಮುಗಿಸಿದವರು ಸುಮಾರು 2.9 ಕೋಟಿ, ಹೃದಯ ಸ್ತಂಭನ 176, ಸಾವು 59. ಅಂದರೆ ಹೃದಯ ಸ್ತಂಭನದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದೆ, ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಸಾಯುವವರ ಪ್ರಮಾಣ ಮಾತ್ರ ಅರ್ಧಕ್ಕೆ ಇಳಿದಿದೆ. ಕುಸಿದವರ ಎದೆಯನ್ನು ಕೂಡಲೇ ಒತ್ತಲು ಜನ ಮುಂದೆ ಬರುತ್ತಿದ್ದಾರೆ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ದಾರಿಯಲ್ಲೇ ಸಿಗುತ್ತಿದೆ.

ಶ್ರಮಪಟ್ಟಾಗ ಎದೆನೋವು ಬರುವವರು, ಓಡುವಾಗ ಒಮ್ಮೆಯಾದರೂ ತಲೆತಿರುಗಿ ಬಿದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ಅಂಥವರು, ಓಟಕ್ಕೆ ಹೆಸರು ಕೊಡುವ ಮೊದಲು ವೈದ್ಯರನ್ನು ಕಾಣಬೇಕು. ಓಟ ನೋಡಲು ನಿಂತಾಗ ನಿಮ್ಮ ಎದುರೇ ಯಾರಾದರೂ ಕುಸಿದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ನೀರು ಚಿಮುಕಿಸುತ್ತ ಕೂರಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಎದೆಯ ನಡುಭಾಗವನ್ನು ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ, ವೈದ್ಯಕೀಯ ಸಿಬ್ಬಂದಿ ಬರುವವರೆಗೆ ಒತ್ತುತ್ತಿರಲಿ.