ಮೂಗಿಗೆ ಜಿಡ್ಡು, ಕೆನ್ನೆಗೆ ಬರ: ಮನೆ ಕ್ರೀಮಿನ ಹದ ಹೇಗೆ?

ಬೆಳಿಗ್ಗೆ ತೊಳೆದ ಮುಖ ಮಧ್ಯಾಹ್ನದ ಹೊತ್ತಿಗೆ ಎರಡು ಪಾಲಾಗಿರುತ್ತದೆ. ಹಣೆ, ಮೂಗು, ಗದ್ದ ಎಣ್ಣೆ ಸವರಿದಂತೆ ಹೊಳೆದರೆ, ಕೆನ್ನೆ ಬಿಗಿದುಕೊಂಡು ಹೊಟ್ಟು ಏಳುತ್ತದೆ. ಇದೇ ಮಿಶ್ರ ಚರ್ಮ. ಜಿಡ್ಡು ಸ್ರವಿಸುವ ಗ್ರಂಥಿಗಳು ಮುಖದ ನಡುಭಾಗದಲ್ಲಿ ಹೆಚ್ಚು, ಕೆನ್ನೆಯಲ್ಲಿ ಕಡಿಮೆ.

ಎರಡನೆಯ ಶತಮಾನದ ವೈದ್ಯ ಗೇಲನ್ ಹೆಸರಿಗೆ ಅಂಟಿಕೊಂಡಿರುವ ಕೋಲ್ಡ್ ಕ್ರೀಮಿಗೆ ಬೀಳುತ್ತಿದ್ದದ್ದು ಜೇನುಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರು. ಇಂದು ಮನೆಯಲ್ಲಿ ಕ್ರೀಮು ಮಾಡುವ ಅನೇಕರು ಹಿಡಿಯುವುದೂ ಇದೇ ದಾರಿ. ಆಲಿವ್ ಬದಲು ಕೊಬ್ಬರಿ ಎಣ್ಣೆಯೋ ಬಾದಾಮಿ ಎಣ್ಣೆಯೋ ಇರುತ್ತದೆ, ಅಷ್ಟೆ. ಎಣ್ಣೆಯೇ ಮೇಲುಗೈಯಾದ ಈ ಕ್ರೀಮು ಒಣ ಕೆನ್ನೆಗೆ ಹಿತ. ಮೂಗಿನ ಮೇಲೆ ಮಾತ್ರ ಭಾರವಾಗಿ ಕೂರುತ್ತದೆ. ಕೊಬ್ಬರಿ ಎಣ್ಣೆ ಹಲವರಲ್ಲಿ ರಂಧ್ರ ಕಟ್ಟಿ ಮೊಡವೆಗೂ ದಾರಿಯಾಗುತ್ತದೆ.

ಹಾಗಾಗಿ ಮೊದಲು ತಿದ್ದಬೇಕಾದದ್ದು ನೀರು–ಎಣ್ಣೆಯ ಪ್ರಮಾಣ.

100 ಗ್ರಾಂ ಕ್ರೀಮಿಗೆ ಒಂದು ಲೆಕ್ಕ ಹೀಗಿದೆ: ಬಟ್ಟಿ ಇಳಿಸಿದ ನೀರು 75 ಗ್ರಾಂ, ಎಣ್ಣೆ 15, ಎಮಲ್ಸಿಫೈಯಿಂಗ್ ವ್ಯಾಕ್ಸ್ 5, ಗ್ಲಿಸರಿನ್ 4, ಸಂರಕ್ಷಕ 1. ಜೇನುಮೇಣವೊಂದೇ ಇಷ್ಟು ನೀರನ್ನು ಹಿಡಿದಿಡಲಾರದು. ಅದಕ್ಕೇ ಈ ವ್ಯಾಕ್ಸ್. ಎಣ್ಣೆಗೆ ಹಗುರವಾದ ಜೊಜೊಬಾ ಅಥವಾ ಸೂರ್ಯಕಾಂತಿ ಒಳ್ಳೆಯದು. ನೀರು–ಗ್ಲಿಸರಿನ್ ಒಂದು ಪಾತ್ರೆಯಲ್ಲಿ, ಎಣ್ಣೆ–ವ್ಯಾಕ್ಸ್ ಇನ್ನೊಂದರಲ್ಲಿ, ಎರಡನ್ನೂ 70 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿ ಬೆರೆಸಿ ಕಡೆಯಬೇಕು. ಮೊದಲು ಹಾಲಿನಂತೆ ತೆಳ್ಳಗಿರುತ್ತದೆ. ಕೆಟ್ಟಿತೆಂದು ಮತ್ತಷ್ಟು ವ್ಯಾಕ್ಸ್ ಸುರಿಯಬಾರದು. ಆರುತ್ತ ಬಂದಂತೆ ತಾನೇ ಗಟ್ಟಿಯಾಗುತ್ತದೆ. ಕೈಗೆ ಉಗುರುಬೆಚ್ಚಗೆ ತಾಕುವಾಗ ಸಂರಕ್ಷಕ ಸೇರಿಸಬೇಕು. ಅದರ ಪ್ರಮಾಣ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ.

ಕೆನ್ನೆಯ ಪಾಲೇನು? ತಯಾರಾದ ಡಬ್ಬಿಗೇ ಎಣ್ಣೆ ಸುರಿದರೆ ಕ್ರೀಮು ಒಡೆಯಬಹುದು. ರಾತ್ರಿ ಅಂಗೈಯಲ್ಲಿ ಚಿಟಿಕೆ ಕ್ರೀಮಿಗೆ ಒಂದು ಹನಿ ಬಾದಾಮಿ ಎಣ್ಣೆ ಬೆರೆಸಿ ಕೆನ್ನೆಗಷ್ಟೇ ಹಚ್ಚುವುದು ಸುಲಭ. ಉತ್ತರ ಕನ್ನಡದ ಮನೆಗಳಲ್ಲಿ ಹಿಮ್ಮಡಿ ಒಡಕಿಗೆ ಬಳಸುವ ಮುರುಗಲ ತುಪ್ಪವೂ ಆದೀತು, ಅಕ್ಕಿಕಾಳಿನಷ್ಟು ಸಾಕು. ಹಣೆ, ಮೂಗಿಗೆ ಬರಿ ಕ್ರೀಮಿನ ತೆಳು ಲೇಪ. ಮಂಗಳೂರಿನ ಸೆಕೆಗೆ ಎಣ್ಣೆಯನ್ನು 10 ಗ್ರಾಂಗೆ ಇಳಿಸಿ ಆ ಐದು ಗ್ರಾಂ ನೀರಿಗೆ ಸೇರಿಸಬಹುದು. ಬೀದರಿನ ಚಳಿಗೆ 20ಕ್ಕೆ ಏರಿಸಿ ಅಷ್ಟೇ ನೀರು ತಗ್ಗಿಸಬಹುದು.

ಜಿಡ್ಡು ಕತ್ತರಿಸಲೆಂದು ನಿಂಬೆರಸ, ಅಡುಗೆ ಸೋಡ ಹಾಕುವುದು ಬೇಡ. ಒಂದು ತೀರಾ ಹುಳಿ, ಇನ್ನೊಂದು ಕ್ಷಾರ. ಎರಡೂ ಚರ್ಮವನ್ನು ಕೆರಳಿಸುತ್ತವೆ. ತಾಜಾ ಲೋಳೆಸರ, ಸೌತೆರಸ ಬೆರೆತರೆ ಬೂಷ್ಟು ಬೇಗ ಹಿಡಿಯುತ್ತದೆ. ಹೊಸ ಕ್ರೀಮನ್ನು ಮೊಣಕೈ ಒಳಮಡಿಕೆಗೆ ಹಚ್ಚಿ ಎರಡು ದಿನ ಕಾಯಬೇಕು. ಕೆಂಪಾದರೆ, ತುರಿಸಿದರೆ ಅದನ್ನು ಮುಖಕ್ಕೆ ತರಬಾರದು.