ಹಳೆ ಬೋರ್ಡಿಗೆ ಹೊಸಬರ ಗುರುತು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಎರಡೂ ಇದ್ದ ಜಾಗದಲ್ಲೇ ಇವೆ. ಆದರೆ 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಇವುಗಳ ಹೆಸರೂ ಇತ್ತು. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ಅರ್ಜಿ ನಮೂನೆಯಲ್ಲಿ ಹುಡುಕಿದರೆ ಈ ತಾಲ್ಲೂಕುಗಳು ಸಿಗುವುದಿಲ್ಲ. ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿದವರ ಗೋಳೂ ಇದೇ ಜಾತಿಯದು. ಚಿಪ್ಪು ಸಾಕೆಟ್ಟಿನಲ್ಲಿ ಸರಿಯಾಗಿ ಕೂತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಪರದೆ ಮಾತ್ರ ಕಪ್ಪು. ‘ಪೀಸ್ ಖರಾಬ್ ಐತ್ರೀ’ ಎಂದು ಅಂಗಡಿಗೆ ಮರಳಿಸುವ ಮುಂಚೆ ಕೇಳಬೇಕಾದ್ದು ಒಂದೇ: ಮದರ್‌ಬೋರ್ಡಿನ ಬಯೋಸ್‌ಗೆ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ತಂತ್ರಾಂಶಕ್ಕೆ, ಈ ಪ್ರೊಸೆಸರಿನ ಗುರುತಿದೆಯೇ?

ಬಯೋಸ್ ಎಂಬ ಹೆಸರನ್ನು 1970ರ ದಶಕದಲ್ಲಿ ತನ್ನ ಸಿಪಿ/ಎಂ ಕಾರ್ಯಾಚರಣಾ ವ್ಯವಸ್ಥೆಗಾಗಿ ಬಳಕೆಗೆ ತಂದವನು ಗ್ಯಾರಿ ಕಿಲ್ಡಾಲ್. 1981ರ ಐಬಿಎಂ ಪಿಸಿಯಲ್ಲಿ ಅದು 8 ಕಿಲೋಬೈಟಿನ, ಅಳಿಸಲು ಬಾರದ ‘ರೋಮ್’ ಚಿಪ್ಪಿನಲ್ಲಿತ್ತು. ಬದಲಿಸಬೇಕೆಂದರೆ ಚಿಪ್ಪನ್ನೇ ಕೀಳಬೇಕಿತ್ತು. 1990ರ ದಶಕದಲ್ಲಿ ಫ್ಲ್ಯಾಶ್ ಚಿಪ್ಪು ಬಂದ ಮೇಲೆ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಯಿತು. ಅದಿಲ್ಲದೆ ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ4 ಸಾಕೆಟ್ಟಿನ ಕಥೆಯೇ ನಡೆಯುತ್ತಿರಲಿಲ್ಲ. 2017ರಲ್ಲಿ ಅದರ ಮೊದಲ ರೈಜೆನ್ ಪ್ರೊಸೆಸರುಗಳ ಜೊತೆ ಬಂದ ಹಲವು ಬೋರ್ಡುಗಳು, ಬಯೋಸ್ ಬದಲಿಸಿದರೆ, 2022ರ ರೈಜೆನ್ 7 5800ಎಕ್ಸ್3ಡಿಯನ್ನೂ ಓಡಿಸುತ್ತವೆ. ಪಿನ್ನುಗಳು ಅವೇ 1331. ಬದಲಾದದ್ದು ಚಿಪ್ಪಿಗೆ ಎಷ್ಟು ವೋಲ್ಟೇಜ್ ಕೊಡಬೇಕು, ಮೆಮೊರಿಯನ್ನು ಹೇಗೆ ಹದಕ್ಕೆ ತರಬೇಕು ಎಂಬ ತಿಳಿವಳಿಕೆ, ಅದು ಬಯೋಸ್‌ನಲ್ಲಿರುತ್ತದೆ. ಸಾಕೆಟ್ಟಿನ ದೀರ್ಘಾಯುಷ್ಯಕ್ಕೆ ತೆತ್ತ ಬೆಲೆಯೇ ಈ ಅಪ್‌ಡೇಟ್ ಎಂಬುದು ನನ್ನ ವಾದ.

ಆ ಬೆಲೆ ಎಷ್ಟೆಂದು 2020ರ ಮೇ ತಿಂಗಳಲ್ಲಿ ಬಯಲಾಯಿತು. ಮುಂಬರುವ ರೈಜೆನ್ ಪೀಳಿಗೆ ಎಎಂ4ನ 400 ಸರಣಿಯ ಬೋರ್ಡುಗಳಿಗೆ ಇಲ್ಲ ಎಂದು ಎಎಂಡಿ ಹೇಳಿತು. ಕೊಟ್ಟ ಕಾರಣ, ಬಯೋಸ್ ಚಿಪ್ಪಿನಲ್ಲಿ ಜಾಗ ಸಾಲದು. ಹೆಚ್ಚಿನ ಬೋರ್ಡುಗಳಲ್ಲಿದ್ದದ್ದು 16 ಮೆಗಾಬೈಟ್, ಅಂದರೆ ಐಬಿಎಂನ ಎರಡು ಸಾವಿರ ಪಟ್ಟು. ಆದರೂ ಎಲ್ಲ ಪೀಳಿಗೆಗಳ ವಿವರ ಅದರಲ್ಲಿ ಹಿಡಿಯಲಿಲ್ಲ. ಗ್ರಾಹಕರು ಗದ್ದಲ ಮಾಡಿದಾಗ ಅದೇ ತಿಂಗಳು ಕಂಪನಿ ಮಣಿಯಿತು. ಕೆಲವು ಬಯೋಸ್‌ಗಳಲ್ಲಿ ಹೊಸಬರಿಗೆ ಜಾಗ ಮಾಡಲು ಹಳಬರ ಹೆಸರು ಹೊಡೆದರು.

ಇಷ್ಟೆಲ್ಲ ರಗಳೆ ಬೇಡ, ಸಾಕೆಟ್ಟನ್ನೇ ಬದಲಿಸಿ ಎನ್ನುವವರಿದ್ದಾರೆ. ಇಂಟೆಲ್ ಮಾಡಿದ್ದೂ ಸುಮಾರಾಗಿ ಅದೇ: 2017ರ ಎಂಟನೇ ಪೀಳಿಗೆಗೂ ಸಂಪರ್ಕಗಳು 1151, ಆದರೆ ಹಿಂದಿನ ಬೋರ್ಡುಗಳಿಗೆ ಅಧಿಕೃತವಾಗಿ ಪ್ರವೇಶವಿಲ್ಲ. ಗೊಂದಲವೇನೋ ಕಡಿಮೆ, ಖರ್ಚು ಮಾತ್ರ ಗ್ರಾಹಕನ ತಲೆಗೆ. ನಡೆಯುತ್ತಿರುವುದನ್ನು ಮುಟ್ಟಬಾರದು ಎಂಬ ಇನ್ನೊಂದು ಮಾತಿನಲ್ಲಿ ಹುರುಳಿದೆ. ಮತ್ತೆ ಬರೆಯಬಹುದಾದ್ದು ಕೆಡಲೂಬಹುದು. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಕೆಲವು ಬೋರ್ಡುಗಳ ಬಯೋಸನ್ನೇ ಹಾಳುಗೆಡವಿತ್ತು. ಬರೆಯುವ ನಡುವೆ ಕರೆಂಟ್ ಹೋದರೂ ಬೋರ್ಡು ನಿರ್ಜೀವವಾದೀತು. ಹಾಗಾಗಿ ಕಾರಣವಿಲ್ಲದೆ ಬಯೋಸ್ ಬದಲಿಸುವುದು ಚಪಲ. ಪ್ರೊಸೆಸರ್ ಬದಲಿಸುವುದು ಮಾತ್ರ ಕಾರಣವೇ. ಆಗ ಯುಪಿಎಸ್ ಇಟ್ಟುಕೊಳ್ಳಬೇಕು. ಬೋರ್ಡಿನ ಮಾದರಿಯ ಜೊತೆ ರಿವಿಷನ್ ಸಂಖ್ಯೆಯನ್ನೂ ನೋಡಬೇಕು.

ಉಳಿದದ್ದು ಸರದಿಯ ಪ್ರಶ್ನೆ. ಬಯೋಸ್ ಬದಲಿಸಲು ಕಂಪ್ಯೂಟರ್ ಏಳಬೇಕು, ಹೊಸ ಪ್ರೊಸೆಸರಿನಲ್ಲಿ ಅದು ಏಳಲು ಬಯೋಸ್ ಬದಲಾಗಿರಬೇಕು. ಕೆಲವು ಬೋರ್ಡುಗಳ ಹಿಂಬದಿಯಲ್ಲಿ ಇದಕ್ಕೆಂದೇ ಒಂದು ಗುಂಡಿ ಇದೆ: ಫೈಲಿಗೆ ಕಂಪನಿ ಹೇಳಿದ ಹೆಸರಿಟ್ಟು, ಪೆನ್‌ಡ್ರೈವ್ ಚುಚ್ಚಿ ಅದನ್ನು ಒತ್ತಿದರೆ ಪಕ್ಕದ ಪುಟ್ಟ ದೀಪ ಮಿನುಗತೊಡಗುತ್ತದೆ, ಪ್ರೊಸೆಸರೇ ಇಲ್ಲದಿದ್ದರೂ ಬರವಣಿಗೆ ನಡೆಯುತ್ತದೆ. ಆ ಗುಂಡಿ ಇಲ್ಲದ ಬೋರ್ಡಿನಲ್ಲಿ, ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಈ ಕೆಲಸ ಮುಗಿಸಬೇಕು. ಹಳೆಯದನ್ನು ಮಾರುವ ಮಾತು ಆಮೇಲೆ.